ಒಂದನೇ ಚೀಲ

ಆಡು ಗಿಡವನ್ನು ಮೂಸಿ ನೋಡಿತು. ಒಮ್ಮೆ ಸೀನಿತು. ಆಮೇಲೆ ಮುಖ ತಿರುಗಿಸಿಕೊಂಡು ಹೋಗಿ, ಆಫೀಸಿನ ಪಡಸಾಲೆಯ ಕಟ್ಟೆಯ ಮೇಲಿದ್ದ ಕಂಪನಿಯ ವರದಿ ಪುಸ್ತಕಕ್ಕೆ ಬಾಯಿ ಹಾಕಿತು.

“ಅದನ್ನ ಹಿಡೀರಿ ಹವಾಲ್ದಾರರ, ಮುಂಬೈಯಿಂದ ಬಂದದ್ದು ಅದು,” ಎನ್ನುತ್ತ ಶ್ರೀಶೈಲಪ್ಪ ಕುರ್ಚಿ ಬಿಟ್ಟು ಎದ್ದ.

ಅಮೋಘಸಿದ್ದಪ್ಪ ಏಳಲಿಲ್ಲ. ಅಂಗೈಯಲ್ಲಿ ತಂಬಾಕು ತಿಕ್ಕುತ್ತ, “ತಿನ್ನಲಿ ಬಿಡ್ರಿ. ಗಿಡಕ್ಕಿಂತ ಪುಸ್ತಕs ರುಚಿ ಹತ್ತಿರಬೇಕು,” ಎಂದ.

ಸುಲತಾನಾ ಹಗ್ಗ ಜಗ್ಗಿ ಆಡನ್ನು ಹತ್ತಿರ ಎಳೆದುಕೊಂಡಳು. ಪುಸ್ತಕದ ಒಂದು ಮೂಲೆ ಅಷ್ಟರಲ್ಲೇ ಹೋಗಿತ್ತು. ಹಸಿರು ರಟ್ಟಿನ ಮೇಲೆ ಒಂದು ಅಂಗೈಯ ಚಿತ್ರ, ಅಂಗೈಯೊಳಗೆ ಒಂದು ಸಸಿ. ಅದು ಯಾರ ಅಂಗೈ ಎಂದು ಪುಸ್ತಕದಲ್ಲಿ ಬರೆದಿರಲಿಲ್ಲ. ಅವಳಿಗೆ ಬರೆದು ಹೇಳಬೇಕಾಗಿಯೂ ಇರಲಿಲ್ಲ. ಹೆಬ್ಬೆರಳಿನ ಬುಡದಲ್ಲಿ ಕುಡುಗೋಲು ತಾಗಿದ ಗುರುತು. ಆ ಗಾಯಕ್ಕೆ ಅರಿಸಿನ ಮೆತ್ತಿ ಬಟ್ಟೆ ಕಟ್ಟಿದವಳು ಅವಳೇ. ಆಡಿನ ಎಂಜಲನ್ನು ಸೆರಗಿನಿಂದ ಒರೆಸುವ ನೆಪದಲ್ಲಿ ಅವಳು ಆ ಅಂಗೈಯ ಮೇಲೆ ಒಂದೆರಡು ಸಲ ಹೆಚ್ಚಿಗೇ ಕೈಯಾಡಿಸಿದಳು.

ಅವಳ ಗಂಡ ಸಾಜಿದ ಹೋಗಿ ಹತ್ತು ತಿಂಗಳಾಗಿತ್ತು. ಸಿಂಧುಸಾಗರ ರಿಫೈನರಿಯ ಗಿಡಗಳನ್ನು ನೋಡಿಕೊಳ್ಳುವ ಸುಪರವೈಜರ ಅವನು. ಫೆಬ್ರುವರಿಯ ಒಂದು ಮುಂಜಾನೆ ವಳಸಂಗದ ಮನೆಯಿಂದ ಮೋಟರಸೈಕಲ್ಲು ಹತ್ತಿ ಹೋದವನು ತಿರುಗಿ ಬರಲಿಲ್ಲ. ಎಂಟನೇ ದಿನ ಅವನ ಸಹಿಯಿದ್ದ ಕಾಗದವೊಂದು ಮಹಾರಾಷ್ಟ್ರದ ಗಡಿಯೊಳಗಿನ ಜತ್ತದ ಈ ಆಫೀಸಿಗೆ ಬಂತಂತೆ. ಮರಾಠಿಯಲ್ಲಿ ಟೈಪು ಮಾಡಿದ್ದು, ನಾಲ್ಕೇ ಸಾಲು. ಆಡು ಮೇಯದಂತೆ ಗಿಡ ಕಾಯುವುದು ನನ್ನ ಹೊಣೆಯಾಗಿತ್ತು. ಕಾಯಲಿಲ್ಲ. ಹಾಳಾದದ್ದು ಗೊತ್ತಾಗಬಾರದೆಂದು ಸುಳ್ಳು ಎಣಿಕೆ ಬರೆದೆ. ಕೆಲಸ ಬಿಡುತ್ತಿದ್ದೇನೆ.

ಶುಕ್ರವಾರ ಪರದೇಶದ ಬ್ಯಾಂಕಿನವರು ಬಂದು ಹೊಲ ನೋಡುವವರಿದ್ದರು. ಅದರ ಹಿಂದಿನ ದಿನವೇ ಈ ಕಾಗದ ಇಟ್ಟು ಸಾಜಿದನ ಮೇಲೆ ಪೊಲೀಸ್ ಫಿರ್ಯಾದು ಕೊಡುವುದೆಂದು ಕಂಪನಿ ನಿರ್ಧರಿಸಿಯಾಗಿತ್ತು. ಭಾನುವಾರ ವಿಜಾಪುರದಿಂದ ಸುಲತಾನಾಳ ಅಣ್ಣ ಬರುತ್ತಾನೆ. ಕಳ್ಳನ ಹೆಂಡತಿಯಾಗಿ ಆ ಊರಲ್ಲಿ ಇರುವುದು ಬೇಡ, ಕೂಸು ಕಟ್ಟಿಕೊಂಡು ತವರಿಗೆ ನಡೆ ಎಂದು ಹೇಳಿ ಕಳಿಸಿದ್ದ. ಇವತ್ತು ಬುಧವಾರ.

ನಿವೃತ್ತ ಹವಾಲ್ದಾರ ಅಮೋಘಸಿದ್ದಪ್ಪನ ಮನೆ ಬಾಗಿಲಿಗೆ ಹೋಗಿ ನಿಂತ ದಿನ ಅವಳು ಅತ್ತಿರಲಿಲ್ಲ. ಒಂದೇ ಮಾತು ಹೇಳಿದ್ದಳು. “ಸತ್ತಾರ ಅಂತ ಹೇಳಿದ್ರೂ ತಡಕೋತೀನಿ ಕಾಕಾ. ಕಳ್ಳ ಅಂತ ಹೇಳಿದ್ರ ತಡಕೊಳ್ಳಾಕ ಆಗಂಗಿಲ್ಲ.” ಮುದುಕ ಅವತ್ತಿನಿಂದ ಸುಮ್ಮನೆ ಕುಂತವನಲ್ಲ.

“ಆಡು ತಿನ್ನಲಿಲ್ಲ ಅಂದ್ರ ಏನಾತ್ರಿ?” ಶ್ರೀಶೈಲಪ್ಪ ಮತ್ತೆ ಕುಳಿತ. ಕಾಳುಕಡಿ ದಲಾಲಿಯ ಅಡತಿ ಅಂಗಡಿಯ ಮನೆತನದವನು. ಕಂಪನಿ ಅವನನ್ನು ಈ ಭಾಗದ ಮ್ಯಾನೇಜರನನ್ನಾಗಿ ಮಾಡಿದ ಮೇಲೆ ಧೋತರ ಬಿಟ್ಟು ಪ್ಯಾಂಟು ಹಿಡಿದಿದ್ದ. “ಹೊಟ್ಟಿ ತುಂಬಿರಬೇಕು ಅದರದು.”

“ಮುಂಜಾನಿಂದ ಒಂದು ಎಲಿ ಸೈತ ಹಾಕಿಲ್ರಿ,” ಎಂದಳು ಸುಲತಾನಾ. “ನಮ್ಮ ಮಾವನ ಕೈಯಾಗಿಂದ ಕಸಗೊಂಡು ಬಂದೀನಿ. ಬಕ್ರೀದ ಹತ್ರ ಬಂದದ, ಹಂಗೆಲ್ಲಾ ಆಡು ಕೊಡೂ ಮನಶ್ಯಾ ಅಲ್ಲ ಅವರು.”

ಕಾಸೀಂಸಾಬರು ನಲವತ್ತು ವರ್ಷ ಸಂತೆ ಸಂತೆ ಅಲೆದು ಆಡು ಕೊಂಡು ಮಾರಿದವರು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಸುಲತಾನಾ ಬಿಟ್ಟರೂ ಆಡು ಅವಳನ್ನು ಬಿಡಲಿಲ್ಲ. ಹೊಲಿಗೆ ಮಷೀನಿನ ಮೇಲೆ ಇಟ್ಟ ಬ್ಲೌಸಿನ ತುಂಡು ತಿಂದಿವೆ, ಗೋಡೆಯ ಕ್ಯಾಲೆಂಡರು ತಿಂದಿವೆ, ಒಮ್ಮೆ ಸಾಜಿದನ ಚಪ್ಪಲಿಯ ಪಟ್ಟಿಯನ್ನೂ ತಿಂದಿವೆ. ಹಿತ್ತಲ ಬೇಲಿಯ ಕಾಡೌಡಲವನ್ನು ಮಾತ್ರ ಎಂದೂ ಮುಟ್ಟಿಲ್ಲ. ಮುಟ್ಟುವುದಿಲ್ಲವೆಂದೇ ಈ ಕಡೆಯವರು ಅದನ್ನು ಬೇಲಿಗೆ ಹಚ್ಚುವುದು. ಕಂಪನಿಯವರು ಜಟ್ರೋಫಾ ಎಂದು ಹೆಸರಿಟ್ಟು, ಬೀಜದಿಂದ ಡೀಸೆಲ್ ತೆಗೆಯುತ್ತೇವೆ ಎಂದು ಸೊರಡಿ, ದರಿಬಡಚಿಯ ಹೊಲಗಳಲ್ಲಿ ಹನ್ನೊಂದುನೂರು ಎಕರೆ ಹಚ್ಚಿದ್ದು ಇದೇ ಗಿಡವನ್ನು.

ಕಾಗದದ ಸಹಿ, ಶಾಯಿ, ಅಂಚೆಯ ಮುದ್ರೆ ಎಲ್ಲವನ್ನೂ ಅಮೋಘಸಿದ್ದಪ್ಪ ಇದೇ ಆಫೀಸಿಗೆ ಬಂದು ಭೂತಗನ್ನಡಿ ಹಿಡಿದು ಆರು ಸಲ ನೋಡಿದ್ದ. ನಿನ್ನೆ ಸಂಜೆ ಸುಲತಾನಾ ಅದರ ನಕಲನ್ನು ಒಂದು ಸಲ ಓದಿ, “ಕಾಕಾ, ಆಡು ಕಾಡೌಡಲ ತಿಂತಾವೇನ್ರಿ?” ಎಂದು ಕೇಳಿದ್ದಳು ಅಷ್ಟೇ. ಮುದುಕ ಹಣೆ ಬಡಿದುಕೊಂಡ. “ಕುರಿ ಕಾಯೋರ ಮನ್ಯಾಗ ಹುಟ್ಟೀನಿ ನಾನು. ಪೊಲೀಸ್ ಟೊಪಿಗಿ ಹಾಕ್ಕೊಂಡು ಇದ್ದ ಬುದ್ಧಿನೂ ಮುಚಗೊಂಡ್ನಿ ನೋಡವ್ವ,” ಎಂದ. ಹಾಗಾಗಿ ಇವತ್ತು ಜನ ತುಂಬಿ ಒಯ್ಯುವ ವಡಾಪ ಜೀಪಿನಲ್ಲಿ ಆಡಿಗೂ ಒಂದು ಸೀಟು ಹಿಡಿದು ಬಂದಿದ್ದರು. ಹಾದಿಯುದ್ದಕ್ಕೂ ಜನ ನಕ್ಕಿದ್ದರು. ಅವಳೂ ನಕ್ಕಿದ್ದಳು, ಬಹಳ ದಿನಗಳ ಮೇಲೆ.

“ಸಾವಕಾರರ, ಈಗ ಕೇಳ್ರಿ.” ಅಮೋಘಸಿದ್ದಪ್ಪ ತಂಬಾಕನ್ನು ದವಡೆಗೆ ಸೇರಿಸಿದ. “ಈ ಕಾಗದದಾಗ ಆಡು ಮೇದುವು ಅಂತ ಬರದದ. ನಿಮ್ಮ ಈ ವರ್ಷದ ಪುಸ್ತಕದಾಗೂ ಆಡಿನ ಹಾವಳಿ ಅಂತ ಬರದದ. ಎರಡೂ ಮಾತು ಒಂದs ಕೈಯಿಂದ ಬಂದಾವ. ಆ ಕೈ ಜಲ್ಮದಾಗ ಆಡು ಕಂಡಿಲ್ಲ. ಆಡಿನ ವ್ಯಾಪಾರಿ ಮಗ ಈ ಮಾತು ಬರೀತಾನೇನು?”

ಶ್ರೀಶೈಲಪ್ಪ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡ.

“ನೀವರ ಜತ್ತದವರು. ಓದಿದಾಗ ನಗು ಬರಲಿಲ್ಲೇನ್ರಿ ನಿಮಗ?”

“ಬಂತು.” ಶ್ರೀಶೈಲಪ್ಪ ಪುಸ್ತಕದ ತಿಂದ ಮೂಲೆಯನ್ನು ಬೆರಳಿನಿಂದ ನೇವರಿಸಿದ. “ಬಂತು, ಆದ್ರ ಬಾಯಿ ಮುಚಗೊಂಡು ಕುಂತ್ನಿ. ಮುಂಬೈದವರ ಮುಂದ ನಾ ಎಷ್ಟರಾಂವ ರೀ?”

“ಸಹಿ ಅವರದs ಅದ,” ಎಂದಳು ಸುಲತಾನಾ. ಅದೊಂದನ್ನು ನಿನ್ನೆಯಿಂದ ಅವಳಿಗೆ ಅಲ್ಲಗಳೆಯಲು ಆಗಿರಲಿಲ್ಲ. “ನನಗ ಗೊತ್ತದ, ಸಹಿ ನಮ್ಮವರದs.”

ಶ್ರೀಶೈಲಪ್ಪ ಕಿಟಕಿಯ ಕಡೆ ನೋಡಿದ. “ವಾರಾವಾರಾ ರಿಪೋರ್ಟ ಕಳಸಬೇಕಿತ್ತಲ್ಲ ತಂಗಿ. ಸಾಜಿದ ಹೊಲದಾಗ ಇರ್ತಿದ್ದ. ಸಹಿ ಮಾಡಿ ಖಾಲಿ ಹಾಳಿ ಇಲ್ಲಿ ಇಟ್ಟು ಹೋಗ್ತಿದ್ದ, ನಾವು ಟೈಪ್ ಮಾಡಸ್ತಿದ್ವಿ. ಇಪ್ಪತ್ತು ಮೂವತ್ತು ಹಾಳಿ ಇದ್ದುವು. ಮುಂಬೈಯಿಂದ ಬಂದ ಸಾಹೇಬ ಒಯ್ದ.”

ಸುಲತಾನಾಳಿಗೆ ಕೂಡಲೇ ಏನೂ ಅನ್ನಿಸಲಿಲ್ಲ. ಆಮೇಲೆ ಕಟ್ಟೆಯ ಮೇಲೆ ಕುಳಿತಳು. ಅವನು ಬರೆದದ್ದಲ್ಲ. ಅವನು ಬರೆದದ್ದಲ್ಲ. ಆಡು ಅವಳ ಸೆರಗು ಜಗಿಯುತ್ತಿತ್ತು, ಜಗಿಯಲಿ ಎಂದು ಬಿಟ್ಟಳು.

ಹವಾಲ್ದಾರ ಬಿಡಲಿಲ್ಲ. “ಯಾಕ ಬೇಕಿತ್ತು ಇಷ್ಟೆಲ್ಲಾ? ಎಣ್ಣಿ ಕಂಪನಿಗಿ ಕಾಡೌಡಲದ್ದು ಏನ ಹಂಗು?”

“ನಿಮಗ ತಿಳೀಬೇಕಂದ್ರ ಅಲ್ಲಿದು ಹೇಳಬೇಕಾಗ್ತದ.” ಶ್ರೀಶೈಲಪ್ಪನ ದನಿ ಇಳಿಯಿತು. “ಕಂಪನಿ ಸಮುದ್ರದಂಡಿಗಿ ಹೊಸ ಘಟಕ ಕಟ್ಟಬೇಕು. ಪರದೇಶದ ಬ್ಯಾಂಕು ಕೈ ಬಿಚ್ಚಬೇಕು. ಅವರು ಎಣ್ಣಿ ಎಷ್ಟ ತಗದ್ರಿ ಅಂತ ಕೇಳಂಗಿಲ್ಲ. ಗಾಳಿ ಎಷ್ಟ ಕೆಡಿಸಿದ್ರಿ, ನೀರ ಎಷ್ಟ ಕೆಡಿಸಿದ್ರಿ, ಅದಕ್ಕ ಬದಲಿ ಏನ ಮಾಡಿದ್ರಿ ಅಂತ ಕೇಳ್ತಾರ. ಸಾಲ್ಯಾಗ ಕೊಟ್ಟಂಗ ಮಾರ್ಕ್ಸ್ ಕೊಡ್ತಾರ. ರಿಫೈನರಿ ಒಳಗಿನ ಹೊಗಿ ಕಡಿಮಿ ಮಾಡಾಕ ನಾಕೈದು ವರ್ಷ ಬೇಕು. ಗಿಡ ಹಚ್ಚಿ ಫೋಟೋ ತಗಸೂದು ಲಗೂನ ಆಗ್ತದ. ಬರಗಾಲದ ನೆಲ, ನೀರ ಬೇಡದ ಗಿಡ, ಹಸರ ಡೀಸೆಲ್. ಓದಾಕ ಭಾಳ ಚಲೋ ಕಾಣಸ್ತದ.”

“ನೀರು ಬೇಕು ಅಂತ ನಮ್ಮವರು ಅಂದಿದ್ರು,” ಸುಲತಾನಾ ತಲೆ ಎತ್ತದೆ ಹೇಳಿದಳು. “ಬೇಲಿ ಬಡ್ಡಿಗಿ ಮಣ್ಣ ಇರ್ತದ, ತೇವ ಇರ್ತದ, ಅಲ್ಲಿ ಬದುಕ್ತದ. ಬಯಲಾಗ ಹಚ್ಚಿದ್ರ ನೂರಕ್ಕ ಇಪ್ಪತ್ತಮೂರು ಉಳದಾವ ಅಂತ ಎಣಿಸಿ ಬಂದಿದ್ರು. ಉಣ್ಣಾಕ ಕುಂತಾಗ ಹೇಳಿದ್ರು ನನಗ. ತುತ್ತು ಕೈಯಾಗs ಇತ್ತು.”

“ಇಪ್ಪತ್ತಮೂರs ಅಂತ ಇಲ್ಲೂ ಹೇಳಿದ. ಹೋದ ವರ್ಷದ ಪುಸ್ತಕದಾಗ ಎಂಬತ್ತು ಅಂತ ಆಗಲೇ ಅಚ್ಚಾಗಿತ್ತು.” ಶ್ರೀಶೈಲಪ್ಪ ನಿಟ್ಟುಸಿರು ಬಿಟ್ಟ. “ಬ್ಯಾಂಕಿನವರು ನಾವs ಬಂದು ನೋಡ್ತೀವಿ ಅಂದ ಮ್ಯಾಲ, ಎಂಬತ್ತು ಎಲ್ಲಿ ಹೋತು ಅಂತ ಹೇಳಾಕ ಒಬ್ಬಾಂವ ಬೇಕಾಗಿದ್ದ.”

ಹೇಳಬೇಕಾದ್ದೆಲ್ಲ ಹೇಳಿಯಾಗಿತ್ತು. ಇನ್ನು ಮುಂಬೈಯ ಸಾಹೇಬನ ಹೆಸರೊಂದು ಸಿಕ್ಕರೆ ಸಾಕು, ಫಿರ್ಯಾದು ಕಂಪನಿಯ ಮೇಲೇ ತಿರುಗಿ ಬೀಳುತ್ತದೆ. ಅಮೋಘಸಿದ್ದಪ್ಪ ಜೇಬಿನಿಂದ ಸಣ್ಣ ನೋಟುಬುಕ್ಕು ತೆಗೆದು ಬರೆಯತೊಡಗಿದ.

ಸುಲತಾನಾಳ ಮನಸ್ಸು ಅಲ್ಲಿರಲಿಲ್ಲ. ಅದು ವಳಸಂಗದ ಮನೆಯ ಒಳಗೋಡೆಯ ಮುಂದೆ ಹೋಗಿ ನಿಂತಿತ್ತು.

ಕಾಳು ಅಳೆಯುವವರು, ಆಡು ಎಣಿಸುವವರು ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ. ಲಾಭ, ಎರಡು, ಮೂರು ಎಂದು ಎಣಿಸುತ್ತಾರೆ. ಕಾಸೀಂಸಾಬರೂ ಹಾಗೇ, ಈ ಸೀಮೆಯ ಯಾವ ವ್ಯಾಪಾರಿಯೂ ಹಾಗೇ. ಅದು ಬಾಯಿಯ ಮಾತು. ಬರೆಯುವಾಗ ಎಲ್ಲರೂ ಒಂದು ಎಂದೇ ಬರೆಯುತ್ತಾರೆ. ಸಾಜಿದನಿಗೆ ಮಾತ್ರ ಹುಡುಗಾಟ. ಕಂಪನಿಯ ಕಾಗದದಲ್ಲಿ ನೆಟ್ಟಗೆ ಬರೆಯುವವನು ತನ್ನ ಸ್ವಂತದ್ದಕ್ಕೆಲ್ಲ ಲಾಭ ಎಂದೇ ಬರೆಯುತ್ತಿದ್ದ. ಸುಲತಾನಾ ಬಸುರಿಯೆಂದು ಗೊತ್ತಾದ ದಿನ ಹೊಲಿಗೆ ಮಷೀನಿನ ಹಿಂದಿನ ಗೋಡೆಯ ಮೇಲೆ, ಯಾರ ಕಣ್ಣಿಗೂ ಬೀಳದಂತೆ, ಇದ್ದಿಲಿನಿಂದ ಬರೆದಿದ್ದ: ಲಾಭ. ಭಕಾರದ ಬಾಲವನ್ನು ಎಳೆದು ಎಳೆದು ಅಕ್ಷರದ ಕೆಳಗೆ ತಂದು ಸುತ್ತಿಸಿದ್ದ. ಮರು ತಿಂಗಳು 2. ಅದರ ಮರು ತಿಂಗಳು 3.

ನಾಲ್ಕರಿಂದ ಒಂಬತ್ತರವರೆಗೆ ಅವಳೇ ಬರೆದಳು. ಒಂದೊಂದು ತಿಂಗಳೂ ಇದ್ದಿಲು ಹಿಡಿದು ನಿಂತಾಗ, ಇದನ್ನು ಬರೆಯುವುದರೊಳಗೆ ಬಾಗಿಲು ಸಪ್ಪಳವಾಗಲಿ ಎಂದು ಸ್ವಲ್ಪ ಹೊತ್ತು ಕಾಯುತ್ತಿದ್ದಳು. ಆಗಸ್ಟಿನಲ್ಲಿ ರುಬಿನಾ ಹುಟ್ಟಿದಳು. ಅಪ್ಪನದೇ ಹಣೆ, ಅಪ್ಪನದೇ ಕಿವಿ. ಅತ್ತೆ ಮಾಸುಮಬಿ ಗೋಡೆಗೆ ಸುಣ್ಣ ಹೊಡೆಸುತ್ತೇನೆ ಎಂದಾಗ ಸುಲತಾನಾ ಮಷೀನು ಕದಲಿಸಲು ಬಿಟ್ಟಿರಲಿಲ್ಲ.

ಈಗ ಬರಲಿ. ಕಳ್ಳನಲ್ಲ ಎಂದು ಗೊತ್ತಾಯಿತಲ್ಲ, ಎಲ್ಲಿ ಅಡಗಿದ್ದರೂ ಇನ್ನು ಬರಬಹುದು. ಬಂದರೆ ಮೊದಲು ಏನೂ ಕೇಳುವುದಿಲ್ಲ. ಕೂಸನ್ನು ಕೈಗೆ ಕೊಡುತ್ತೇನೆ. ಆಮೇಲೆ ಮಷೀನು ಸರಿಸಿ ಗೋಡೆ ತೋರಿಸುತ್ತೇನೆ. ಅಷ್ಟು ನೆನೆದದ್ದಕ್ಕೇ ಎದೆಯಲ್ಲಿ ಹಾಲು ತುಂಬಿ ಕುಪ್ಪಸ ಬಿಗಿಯಾಯಿತು. ಕೂಸು ಹಸಿದಿರಬೇಕು, ಮೂರರೊಳಗೆ ಮನೆ ಮುಟ್ಟಬೇಕು ಎಂದುಕೊಂಡಳು.

“ಅಷ್ಟಕ್ಕs ಗೆದ್ವಿ ಅನಬ್ಯಾಡ್ರಿ ಹವಾಲ್ದಾರರ.” ಶ್ರೀಶೈಲಪ್ಪ ಎದ್ದು ಗೋಡೆಯ ಮೊಳೆಯಿಂದ ಬೀಗದ ಕೈ ತೆಗೆದ. ಹೇಳಬಾರದ್ದು ಹೇಳಿದೆನೆಂಬ ಅಂಜಿಕೆ ಅವನ ಮುಖದಲ್ಲಿ ಈಗ ಕಾಣತೊಡಗಿತ್ತು. “ನಾ ಹೇಳಿದ್ದಕ್ಕ ಸಾಕ್ಷಿ ಇಲ್ಲ, ಕೋರ್ಟಿನ್ಯಾಗ ಹೇಳು ಅಂದ್ರ ಹೇಳಂಗೂ ಇಲ್ಲ. ಕಂಪನಿ ಕೈಯಾಗ ಸಾಕ್ಷಿ ಅದ. ಗಿಡ ಇಲ್ಲ ಅಂತೀರಿ, ಬೀಜ ಬಂದಾವಲ್ಲ? ಬರ್ರಿ, ನೋಡ್ರಿ.”

ಆಫೀಸಿಗೆ ಹತ್ತಿಕೊಂಡೇ ಗೋದಾಮು. ಬಾಗಿಲು ತೆರೆದ ಕೂಡಲೇ ಕಹಿ ಎಣ್ಣೆಯ ವಾಸನೆ ಮುಖಕ್ಕೆ ಬಂತು. ಮೇಲಿನ ಹಂಚಿನ ಸಂದಿಯಿಂದ ಬಿಸಿಲು ಬಿದ್ದಿತ್ತು. ಗೋಡೆಗುಂಟ ಸಾಲಾಗಿ ಗೋಣಿಚೀಲ ನಿಲ್ಲಿಸಿದ್ದರು, ನಲವತ್ತಕ್ಕೆ ಕಡಿಮೆಯಿರಲಿಲ್ಲ. ಸುಲತಾನಾ ಆಡನ್ನು ಬಾಗಿಲಿಗೆ ಕಟ್ಟಿ ಒಳಗೆ ಬಂದಳು.

“ನಮ್ಮ ಗಿಡದ್ದs ಬೀಜ. ದರಿಬಡಚಿ ಶೆಡ್ಡಿನ್ಯಾಗ ಮೊನ್ನಿ ಸೋಮವಾರ ತುಂಬಿಸಿ ತಂದದ್ದು,” ಎಂದ ಶ್ರೀಶೈಲಪ್ಪ. “ಶುಕ್ರವಾರ ಬ್ಯಾಂಕಿನವರಿಗಿ ಇವನ್ನs ತೋರಸೂದು. ಗಿಡ ಸ್ವಲ್ಪ ಹೋದ್ರೂ ಬೀಜ ಬಂತು ಅಂದ್ರ ಮಾರ್ಕ್ಸ್ ಹೋಗಂಗಿಲ್ಲ.”

ಅಮೋಘಸಿದ್ದಪ್ಪ ಒಂದು ಚೀಲದ ಬಾಯಿ ಬಿಚ್ಚಿ ಹಿಡಿ ಬೀಜ ತೆಗೆದು ನೋಡಿದ. ಕಪ್ಪು, ತುಂಬಿದ ಬೀಜ. ನೀರುಂಡ ನೆಲದ್ದು.

“ದರಿಬಡಚಿ ನಮ್ಮೂರ್ರಿ ಸಾವಕಾರರ.” ಅವನು ಬೀಜವನ್ನು ತಿರುಗಿ ಚೀಲಕ್ಕೆ ಸುರಿದ. “ಆ ಶೆಡ್ಡಿನ ಕೀಲಿ ತುಕ್ಕ ಹಿಡದು ಕುಂತದ. ನಿನ್ನಿ ಮುಂಜಾನಿ ನಾನs ಜಗ್ಗಿ ನೋಡಿ ಬಂದೀನಿ. ಇವು ಬ್ಯಾರೆ ಕಡೆಯಿಂದ ತಂದ ಬೀಜ.”

ಶ್ರೀಶೈಲಪ್ಪ ಕೈ ಮುಗಿದ. “ನನಗ ಅಷ್ಟs ಹೇಳ್ಯಾರ್ರಿ. ಲಾರಿ ಬಂತು, ಇಳಸ್ಕೊಂಡ್ನಿ. ಎಲ್ಲಿ ತುಂಬಿದ್ರು ಅಂತ ದೇವರಾಣಿ ಗೊತ್ತಿಲ್ಲ.”

“ಗೊತ್ತಿದ್ದಾಂವ ಒಬ್ಬ ಇರ್ತಾನ.” ಹವಾಲ್ದಾರನ ಕಣ್ಣು ಸಣ್ಣಗಾದವು. ಚೀಲಗಳ ಹೊಟ್ಟೆಯ ಮೇಲೆ ಗೇರು ಎಂಬ ಕೆಮ್ಮಣ್ಣಿನ ಬಣ್ಣದಲ್ಲಿ ಅಂಕಿ ಬರೆದಿದ್ದನ್ನು ಅವನು ಬೆರಳು ಮಾಡಿ ತೋರಿಸಿದ. “ನೋಡವ್ವ, ಎಲ್ಲಾ ಒಂದs ಕೈ. ಬ್ಯಾರೆ ನೆಲದ ಬೀಜ ತಂದು, ಇಲ್ಲಿದು ಅಂತ ಎಣಿಸಿ ಅಂಕಿ ಹಾಕಿ ಲಾರಿ ಹತ್ತಿಸ್ಯಾನಲ್ಲ, ಅವನs ನಮಗ ಬೇಕಾದ ಕಳ್ಳ. ನಿನ್ನ ಗಂಡನ ಹೆಸರು ಕೆಡಿಸಿದಾಂವನೂ ಅವನs ಇರಬೇಕು. ಆ ಕೈ ಸಿಕ್ತು ಅಂದ್ರ ಬಿಡಂಗಿಲ್ಲ ನಾನು. ಬೇಡಿ ಹಾಕಿಸೇ ತೀರ್ತೀನಿ.”

“ಹೌದ್ರಿ ಕಾಕಾ,” ಎಂದಳು ಸುಲತಾನಾ. ಮನಸಾರೆ ಹೇಳಿದಳು. ಯಾರೋ ಆ ಪಾಪಿ, ಅವನ ಕೈ ಮುರಿಯಲಿ ಎಂದೂ ಅಂದುಕೊಂಡಳು.

ಹವಾಲ್ದಾರ ಬಾಗಿಲ ಕಡೆಯ ತುದಿಯಿಂದ ಎಣಿಸುತ್ತ ಬಂದ. ಅವಳು ಒಳಗಿನ ಮೂಲೆಯಿಂದ ನೋಡುತ್ತ ಹೊರಟಳು.

ಮೂಲೆಯ ಚೀಲ ಗೋಡೆಗೆ ಒರಗಿ ಅರ್ಧ ಕತ್ತಲಲ್ಲಿತ್ತು. ಅದರ ಮೇಲೆ ಅಂಕಿ ಇರಲಿಲ್ಲ. ಎರಡು ಅಕ್ಷರ ಇದ್ದವು. ಭಕಾರದ ಬಾಲ ಕೆಳಗೆ ಇಳಿದು, ಇಡೀ ಪದದ ಅಡಿಯಲ್ಲಿ ಹರಿದು, ತುದಿಯಲ್ಲಿ ಸುತ್ತಿಕೊಂಡಿತ್ತು.

ಪಕ್ಕದ ಚೀಲ ನೋಡಿದಳು, 2. ಅದರಾಚೆ 3. ಗೋಡೆಯ ಮೇಲಿನ ಅದೇ ಎರಡು, ಅದೇ ಮೂರು.

ಬದುಕಿದ್ದಾನೆ. ಮೊನ್ನೆ ಮೊನ್ನೆ ಈ ಚೀಲದ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಬಣ್ಣದಲ್ಲಿ ಕಡ್ಡಿ ಅದ್ದಿ, ಆ ಬಾಲ ಎಳೆದಿದ್ದಾನೆ. ಹತ್ತು ತಿಂಗಳು ಎಷ್ಟು ನಮಾಜಿನಲ್ಲಿ ಬೇಡಿಕೊಂಡದ್ದು ಇದನ್ನೇ. ಅವಳಿಗೆ ಕೂಗಬೇಕೆನಿಸಿತು. ಆ ಗೋಣಿಯನ್ನು ತಬ್ಬಿಕೊಂಡು ಅಲ್ಲೇ ಕುಳಿತುಬಿಡಬೇಕೆನಿಸಿತು. ಬೆರಳಿನಿಂದ ಅಕ್ಷರವನ್ನು ಮುಟ್ಟಿದಳು. ಗೇರು ತುಸು ಅಂಟಿತು.

ಆಮೇಲೆ ಹವಾಲ್ದಾರನ ಮಾತು ಕಿವಿಗೆ ತಿರುಗಿ ಬಂತು. ಬೇಡಿ ಹಾಕಿಸೇ ತೀರ್ತೀನಿ.

ಇಪ್ಪತ್ತಮೂರು ಎಂದರೆ ಇಪ್ಪತ್ತಮೂರೇ ಎಂದು ತುತ್ತು ಕೈಯಲ್ಲಿ ಹಿಡಿದು ಹೇಳಿದ ಮನುಷ್ಯ ಈ ಸುಳ್ಳು ಚೀಲ ಎಣಿಸಿದ್ದಾನೆ. ಯಾರಾದರೂ ಕಟ್ಟಿಹಾಕಿ ಎಣಿಸಲು ಹಚ್ಚಿದರೋ? ತಾನಾಗಿಯೇ ಎಣಿಸಿದನೋ? ಅವಳೊಬ್ಬಳಿಗೇ ಗೊತ್ತಿದ್ದ ಅಕ್ಷರವನ್ನು ಇಲ್ಲಿ ಯಾಕೆ ಬರೆದ? ಕೈಗೆ ರೂಢಿಯಾಗಿತ್ತೆಂದೋ, ಅವಳು ನೋಡಲಿ ಎಂದೋ? ಬರೆಯಲು ಕೈ ಬಂದವನಿಗೆ ಮನೆಗೆ ಬರಲು ಕಾಲು ಯಾಕೆ ಬರಲಿಲ್ಲ?

ಹೇಳಿದರೆ ಮುದುಕ ಅವನನ್ನು ಹುಡುಕಿ ತಂದೇ ತರುತ್ತಾನೆ. ಬೇಡಿ ಹಾಕಿಕೊಂಡಾದರೂ ಅವನು ಮಗಳ ಮುಖ ನೋಡುತ್ತಾನೆ. ಹೇಳದಿದ್ದರೆ ಊರಿನ ಬಾಯಲ್ಲಿ ಅವನ ಹೆಸರು ಉಳಿಯುತ್ತದೆ, ಅವನು ಉಳಿಯುವುದಿಲ್ಲ. ಕಳ್ಳ ಎಂದರೆ ತಡೆದುಕೊಳ್ಳುವುದಿಲ್ಲ ಎಂದವಳು ತಾನೇ. ಆ ದಿನ ಎಷ್ಟು ಸಸಾರವಾಗಿ ಅಂದುಬಿಟ್ಟಿದ್ದಳು.

“ಸುಲತಾನಾ,” ಹವಾಲ್ದಾರ ಸಾಲಿನ ನಡುವೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದ. “ನಲವತ್ತೆರಡರಿಂದ ಎರಡರ ತನಕಾ ಎಲ್ಲಾ ಅದಾವ. ಒಂದನೇ ಚೀಲ ಕಾಣವಲ್ದು. ನಿನ್ನ ಕಡೆ ಏನರ ಅದ ಏನವ್ವ?”

ಸುಲತಾನಾ ಮೂಲೆಯ ಚೀಲಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಹಿಂದಕ್ಕೆ ಮಡಚಿದ ಅಂಗೈ ಅಕ್ಷರದ ಮೇಲೆ ಒತ್ತಿಕೊಂಡಿತ್ತು. ಹೊರಗೆ ಆಡು ಒಂದು ಸಲ ಒದರಿತು.

ಮುದುಕ ಬಿಸಿಲಿನ ಪಟ್ಟೆ ದಾಟಿ ಅವಳ ಕಡೆಗೆ ನಡೆದು ಬಂದ. “ಸ್ವಲ್ಪ ಸರಿ ನೋಡೂಣು,” ಎಂದ.

ಅವಳು ಸರಿಯಲಿಲ್ಲ.